ಹನ್ನೊಂದು ಹೊಲಿಗೆ

ಖೋರ್ ಫಕ್ಕಾನ್ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ
ಹದಿನಾಲ್ಕು ವರ್ಷದಿಂದ ರಾತ್ರಿ ಪಾಳಿ ನನ್ನದು.
ಇಷ್ಟು ವರ್ಷದಲ್ಲಿ ಶಾರ್ಕ್ ಕಚ್ಚಿತೆಂದು ಬಂದವನು
ಒಬ್ಬನೇ.
ಅವನನ್ನು ಕಚ್ಚುವಾಗ ಶಾರ್ಕು ಸತ್ತು
ಅರ್ಧ ಗಂಟೆಯಾಗಿತ್ತು.

ಸೂಸೈ, ಕೊಳಚಲ್ ಕಡೆಯವನು,
ದೋಣಿಯ ಹಲಗೆಯ ಮೇಲೆ ಮೀನು ವಿಂಗಡಿಸುತ್ತ
ಅದರ ಬಾಯಿಂದ ಗಾಳ ಬಿಡಿಸಲು ಹೋದನಂತೆ.
ಸತ್ತದ್ದು ಬಾಯಿ ಮುಚ್ಚಿತು.
ಸಿಟ್ಟಿಲ್ಲ, ಹಸಿವಿಲ್ಲ,
ಗಾಳಿಗೆ ಕದ ಬಿದ್ದ ಹಾಗೆ.

ಕಂಪ್ಯೂಟರಿನಲ್ಲಿ ಗಾಯಕ್ಕೆ ಕಾರಣ ತುಂಬಬೇಕು.
ಪಟ್ಟಿಯಲ್ಲಿ ಕಾರಿದೆ, ಮೆಟ್ಟಿಲಿದೆ, ನಾಯಿ, ಚೇಳು,
ಒಂಟೆಗೂ ಒಂದು ಸಾಲಿದೆ.
ಇದಕ್ಕಿಲ್ಲ.
ಸುಡಾನಿನ ಡಾಕ್ಟರು ಜರ್ಜೂರ್ ಅಂದರು,
ಇವನು ಸುರಾ ಅಂದ, ವಾರ್ಡ್‌ಬಾಯ್ ತಾಟೆ ಅಂದ,
ನನ್ನ ಬಾಯಿಗೆ ಬಂದದ್ದು ಮೋರಿ.
ಕೊನೆಗೆ 'ಇತರೆ' ಒತ್ತಿದೆ.

ಮುಂಗೈ ಮೇಲೆ ತದಿಗೆ ಚಂದ್ರನ ಗೆರೆ.
ಇಕ್ಕಳದಲ್ಲಿ ಒಂದು ಹಲ್ಲು ಸಿಕ್ಕಿತು, ಟ್ರೇಗೆ ಹಾಕಿದೆ.
'ಪರವಾಗಿಲ್ಲ ಅಕ್ಕ, ಅದಕ್ಕೆ ಇನ್ನೊಂದು ಬರುತ್ತದೆ,
ಹಿಂದೆ ಸಾಲು ಸಾಲು ಕಾಯುತ್ತಿರುತ್ತವೆ' ಅಂದ.
ಸುಮ್ಮನಾದ.
'ಬರುತ್ತಿತ್ತು' ಅಂತ ತಿದ್ದಿಕೊಂಡ.

ಮರಗಟ್ಟಿದ ಕೈ ನನಗೆ ಕೊಟ್ಟು
ಇನ್ನೊಂದು ಕೈಯಲ್ಲಿ ಸಮುದ್ರ ಬಿಡಿಸಿದ:
ಮರಿಯಾಗಿದ್ದಾಗ ಪಟ್ಟೆ, ದೊಡ್ಡದಾದರೆ ಚುಕ್ಕಿ,
ಹಗಲೆಲ್ಲ ಮರಳಲ್ಲಿ ಮಲಗಿ ಕಾಲ ಕಳೆಯುವ ಸೋಮಾರಿ ಒಂದು.
ಬಸ್ಸಿನುದ್ದದ್ದು ಇನ್ನೊಂದು. ಬಾಯಿ ಅಷ್ಟಗಲ,
ಒಳಗೆ ಹೋಗುವುದು ಮಾತ್ರ ಮೀನಿನ ಮೊಟ್ಟೆ, ಸೀಗಡಿಯ ಪುಡಿ.
ಸುತ್ತಿಗೆ ತಲೆಯದ್ದು? ಕೈ ಅಲ್ಲೇ ನಿಂತಿತು.
'ಅಪ್ಪ ನೋಡಿದ್ದ. ನನಗೆ ಎರಡು ಸಲ.'
ಆಮೇಲೆ ಮೊಳ ತೋರಿಸಿ,
'ಇದು ಹಾಲು ಸುರಾ. ಹೆತ್ತವರಿಗೆ ಕೊಡುತ್ತಾರಲ್ಲ ಅಕ್ಕ, ನಿಮ್ಮಲ್ಲೂ?'

ಏಳನೇ ಹೊಲಿಗೆಯಲ್ಲಿ ಸೂಜಿ ತಡೆಯಿತು.

ಹೆರಿಗೆಗೆ ಊರಿಗೆ ಹೋಗಿದ್ದೆ. ಮೂರು ದಿನ ಎದೆ ಒಣಗಿತ್ತು.
ಮಗು ಅತ್ತು ಅತ್ತು ದನಿ ಸೋತಿತ್ತು.
ಅತ್ತೆ ದಕ್ಕೆಯಿಂದ ಮರಿ ಮೋರಿ ತಂದಳು,
ಬಿಸಿನೀರು ಸುರಿದು ಮರಳಿನಂಥ ಚರ್ಮ ಉಜ್ಜಿ ತೆಗೆದಳು,
ಮೆಣಸು, ಬೆಳ್ಳುಳ್ಳಿ, ಚೂರು ಅರಿಶಿನ.
ಮುಳ್ಳಿಲ್ಲ, ನುಂಗು ಅಂದಳು.
ನಾಲ್ಕನೇ ದಿನ ರವಿಕೆ ಒದ್ದೆ.
ಮೀನಿನಿಂದಲೋ, ಸುಮ್ಮನೆ ನಾಲ್ಕನೇ ದಿನವಾದದ್ದಕ್ಕೋ,
ನರ್ಸಾಗಿ ನಾನು ಹೇಳಬಲ್ಲೆ.
ಹೇಳುವುದಿಲ್ಲ.

ಆ ಮಗು ಜೆನಿಟಾಗೆ ಈಗ ಹನ್ನೆರಡು.
ಫೋನಿನಲ್ಲಿ ಏನೇನೋ ನೋಡಿ
ಕಡಲಿಗಿಳಿಯಲು ಒಲ್ಲೆ ಅನ್ನುತ್ತಾಳೆ.
ಪಾಳಿ ಮುಗಿಸಿ ಶುಕ್ರವಾರ ಬೆಳಿಗ್ಗೆ ಎಳೆದುಕೊಂಡೇ ಹೋದೆ.
ಎದುರಿಗೆ ದ್ವೀಪ, ಹಿಂದೆ ಬೋಳು ಬೆಟ್ಟ,
ಬಂದರಿನ ಕ್ರೇನುಗಳು ಇನ್ನೂ ದೀಪ ಆರಿಸಿರಲಿಲ್ಲ.
ಮೊಣಕಾಲುದ್ದ ನೀರಲ್ಲಿ ನಿಂತೆವು.
ಬಹಳ ಹೊತ್ತು ಏನೂ ಇಲ್ಲ. ಪ್ಲಾಸ್ಟಿಕ್ ಚೀಲವೊಂದು ಬಂತು, ಹೋಯಿತು.

ಆಮೇಲೆ ಮೂರು.
ಶಾಯಿಯಲ್ಲಿ ಅದ್ದಿ ತೆಗೆದಂಥ ರೆಕ್ಕೆತುದಿ,
ಮೊಣಕೈಯಷ್ಟೇ ಮೈ.
ಜೆನಿಟಾ ನನ್ನ ಮಣಿಕಟ್ಟು ಹಿಡಿದಳು,
ಅವಳ ನಾಡಿ ನನಗೆ ಎಣಿಕೆಗೆ ಸಿಕ್ಕಿತು: ನೂರ ಮೂವತ್ತು.
ಎದೆಯ ಕರೆಂಟು ಅವಕ್ಕೆ ಮೂತಿಯಲ್ಲೇ ತಿಳಿಯುತ್ತದಂತೆ.
ನಾನು ಅಂಟು ಹಚ್ಚಿ, ವೈರು ಸಿಕ್ಕಿಸಿ, ಕಾಗದದಲ್ಲಿ ಓದುವುದನ್ನು
ಅವು ಒಂದು ಸುತ್ತು ಬಂದು ಓದಿಕೊಂಡವು.
ತಿರುಗಿ ಹೋದವು.

'ಅಷ್ಟೇನಾ?' ಅಂದಳು,
ಸ್ವಲ್ಪ ಅವಮಾನವಾದವಳಂತೆ.

ಹತ್ತನೇ ದಿನ ಸೂಸೈ ಹೊಲಿಗೆ ಬಿಚ್ಚಿಸಲು ಬಂದ,
ಸ್ನಾನ ಮಾಡಿ, ಅತ್ತರು ಹಚ್ಚಿ,
ಕಂಕುಳಲ್ಲಿ ಮಲಯಾಳಂ ಪೇಪರಿನ ಪೊಟ್ಟಣ.
'ಹಾಲು ಸುರಾ. ಎರಡು. ಕಚ್ಚಿದ್ದು ಇವಲ್ಲ' ಅಂದು ನಕ್ಕ.
ಬೇಡ ಅನ್ನಬೇಕು ಅಂತಲೇ
ಕತ್ತರಿ ತೆಗೆದುಕೊಂಡೆ.

ಒಂದೊಂದೇ ಕತ್ತರಿಸಿದೆ, ಹನ್ನೊಂದೂ.
ಮೇಜಿನ ಮೇಲೆ ಪೊಟ್ಟಣ
ನೀರು ಬಿಡುತ್ತಿತ್ತು.