ಕಪ್ಪು ಅಂಕಿಯ ಮಂಗಳವಾರ

ಕ್ಯಾಲೆಂಡರಿನಲ್ಲಿ ಮೂರು ಕೆಂಪು ಅಂಕಿ ಒಟ್ಟಿಗೆ ಬಂದರೆ
ಲೋಕಕ್ಕೆಲ್ಲ ರಜೆ. ನಮಗೆ
ಹದಿನಾರು ಬೆಡ್‌ಶೀಟು, ಮೂವತ್ತೆರಡು ದಿಂಬಿನ ಚೀಲ,
ಗೇಟಿನಾಚೆ ಹಾರ್ನು,
'ಮೇಡಂ, ವ್ಯೂ ಇರೋ ರೂಮೇ ಬೇಕು.'

ಮಡಿಕೇರಿಯಲ್ಲಿ ಹುಟ್ಟಿದವರು
ರಾಜಾಸೀಟಿನ ಸೂರ್ಯಾಸ್ತ ನೋಡುವುದು
ನೆಂಟರು ಬಂದಾಗ ಮಾತ್ರ,
ಅದೂ ಯಾರದೋ ಎರಡು ಬೆನ್ನುಗಳ ಸಂದಿಯಲ್ಲಿ.

ಶುಕ್ರವಾರದ ಸಂತೆ ಮುಗಿಸಿ, ಮಹದೇವಪೇಟೆಯ ಬೇಕರಿಯ
ಒಳಬೆಂಚಿನಲ್ಲಿ ಕೂತಿದ್ದೆವು ನಾಲ್ವರು.
ಚಾಕಲೇಟು, ವೈನು, ಜೇನು ಮಾರುವ ಬೊಳ್ಳಮ್ಮ
(ಜೇನಿನ ಬಗ್ಗೆ ಹೆಚ್ಚು ಕೇಳಬೇಡಿ ಎನ್ನುತ್ತಾಳೆ),
ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಜೆಸಿಂತಾ,
ದೊಡ್ಡಾಸ್ಪತ್ರೆಯ ನರ್ಸು ರಂಸೀನಾ,
ಹೋಂಸ್ಟೇಯ ಬೀಗದ ಕೈಗೊಂಚಲನ್ನು
ಇಲ್ಲಿಗೂ ಹೊತ್ತು ತಂದ ನಾನು.

'ಎಲ್ಲಾದರೂ ಹೋಗೋಣ ಮಾರಾಯ್ತಿ,' ಎಂದಳು ಬೊಳ್ಳಮ್ಮ,
'ಮರವೇ ಇಲ್ಲದ ಕಡೆ.
ಒದ್ದೆ ಟವೆಲನ್ನು ನೆಲಕ್ಕೆಸೆದು ಹಾಗೇ ಹೊರಟುಬಿಡಬೇಕು ನಾನು,
ಒಂದು ಸಲ.'
ನಾನು ನನ್ನ ಚಹಾ ನೋಡಿಕೊಂಡೆ.

ಮೈಸೂರು? ಅದು ಸ್ಕ್ಯಾನಿಂಗಿಗೂ ಮದುವೆ ಸೀರೆಗೂ ಹೋಗಿಬರುವ ಜಾಗ.
ಬೆಂಗಳೂರು? ಅವರೇ ಬರುತ್ತಾರಲ್ಲ ಇಲ್ಲಿಗೆ,
ನೋಡಿಯಾಗಿದೆ.
ಕೊಚ್ಚಿ, ಎಂದಳು ರಂಸೀನಾ.
ಅವಳ ಚಿಕ್ಕಮ್ಮನ ಮಗಳು ಮೆಟ್ರೋದಲ್ಲಿ ಕೂತು ಕಳಿಸಿದ
ಹದಿನೇಳು ಸೆಕೆಂಡಿನ ವಿಡಿಯೋವನ್ನು ನಾಲ್ಕು ಸಲ ನೋಡಿದೆವು.

ನಮ್ಮ ಜಿಲ್ಲೆಗೆ ರೈಲಿಲ್ಲ.
ಎಲ್ಲ ಊರಿನ ಬಸ್ಸಿನ ಹೊತ್ತು ನಾಲಗೆ ತುದಿಯಲ್ಲಿಟ್ಟ ಜೆಸಿಂತಾ
ಮೂವತ್ತೊಂಬತ್ತಾದರೂ ರೈಲು ಹತ್ತಿದವಳಲ್ಲ.
ಪಫ್ಸಿನ ಕಾಗದದಲ್ಲಿ ಎಣ್ಣೆ ತಾಗದ ಮೂಲೆ ಹುಡುಕಿ
ಅವಳೇ ಬರೆದಳು: ಆರೂಕಾಲರ ವಿರಾಜಪೇಟೆ ಬಸ್ಸು,
ಮಾಕುಟ್ಟದ ಘಾಟಿ, ಇರಿಟ್ಟಿ, ತಲಚೇರಿ.
ಅಲ್ಲಿ ಪೆನ್ನು ನಿಂತಿತು.

ದಿನ ಯಾವುದು?
ಆಗಸ್ಟ್ ಹದಿನೈದು ಎನ್ನಬೇಡಿ,
ಎಂಟೂ ರೂಮು ಜೂನಿನಲ್ಲೇ ಹೋಗಿವೆ.
ದಸರೆಯ ರಾತ್ರಿ ರಂಸೀನಾ
ಮಂಟಪದೆದುರು ಕುಣಿದು ಬಿದ್ದವರ ಹಣೆ ಹೊಲಿಯುತ್ತಿರುತ್ತಾಳೆ.
ಕ್ರಿಸ್ಮಸ್ಸಿಗೆ ಬೊಳ್ಳಮ್ಮ ಅಲ್ಲಾಡುವಂತಿಲ್ಲ,
ಜೆಸಿಂತಾ ಕೂಡ,
ಇವಳಿಗೆ ಮಾತ್ರ ಅದು ನಿಜವಾದ ಹಬ್ಬವಾಗಿ.

ಬೇಕರಿಯ ಗೋಡೆಯ ಕ್ಯಾಲೆಂಡರಿನಲ್ಲಿ
ಪುಟ ತಿರುವುತ್ತ ತಿರುವುತ್ತ
ಸಿಕ್ಕಿತು ನವೆಂಬರಿನ ಒಂದು ಮಂಗಳವಾರ.
ಹಬ್ಬವಿಲ್ಲ, ಜಯಂತಿಯಿಲ್ಲ, ಏಕಾದಶಿ ಕೂಡ ಇಲ್ಲ.
ಮಂಗಳ, ಬುಧ, ಗುರು:
ಯಾರಿಗೂ ಬೇಡವಾಗಿ ಬಿದ್ದಿದ್ದ ಮೂರು ಕಪ್ಪು ಅಂಕಿ.

ಫೋನು ಮಾಡಿದ್ದು ನಾನು. ಅರ್ಧ ಮಲಯಾಳ, ಅರ್ಧ ಧೈರ್ಯ.
ಎಷ್ಟು ಜನ, ಎಷ್ಟು ಹೊತ್ತಿಗೆ, ಅಡ್ವಾನ್ಸು ವಾಪಸಿಲ್ಲ—
ಆಚೆಯ ಹೆಂಗಸಿನ ಬಾಯಲ್ಲಿ ನನ್ನದೇ ಮಾತು,
ಸಂಜೆ ಹೊತ್ತಿನ ನನ್ನದೇ ಸವೆದ ಸಿಹಿ.
ನನ್ನ ಬಾಯಿಂದ ಬಂದದ್ದು
'ವ್ಯೂ ಇದೆಯಾ?'
ಮೇಜಿನ ಕೆಳಗೆ ಮೂರು ಕಾಲು ಒಟ್ಟಿಗೆ ಒದ್ದವು.
'ಎದುರಿಗೆ ಫ್ಲೈಓವರು,' ಎಂದಳು ಆಕೆ, ತಪ್ಪೊಪ್ಪಿಕೊಂಡಂತೆ.
ಅದೇ ಇರಲಿ, ಎಂದೆ.

'ಯಾವ ಊರು?'
ಕೊಡಗು.
ಆಚೆ ಒಂದು ಉದ್ದನೆಯ ಉಸಿರು.
'ಅಂಥ ಜಾಗ ಬಿಟ್ಟು ಇಲ್ಲಿಗಾ?
ಅಲ್ಲಿಗೇ ಹೊರಡಬೇಕೆಂದು ಮೂರು ವರ್ಷದಿಂದ ಅಂದುಕೊಂಡಿದ್ದೇವೆ.
ರಜೆಯ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನೋಡಿ.'
ಮಂಗಳವಾರ ಬನ್ನಿ, ಎಂದೆ. ಆಕೆ ನಕ್ಕಳು.
ನಂಬರು ಕೊಡಬೇಕಿತ್ತು ಅನ್ನಿಸಿದ್ದು
ಫೋನು ಇಟ್ಟಮೇಲೆ.

ಇನ್ನೂ ರಂಸೀನಾಳ ಶಿಫ್ಟು ಒಪ್ಪಿಗೆಯಾಗಿಲ್ಲ.
ಜೇನಿನ ಖಾಲಿ ಬಾಟಲಿಯಲ್ಲಿ ವಾರವಾರ ಹಾಕಿದ ದುಡ್ಡು
ಎಣಿಸಿದಷ್ಟೂ ಅಂಟುತ್ತದೆ.
ಮೇಜೊರೆಸಲು ಬಂದ ಹುಡುಗ
ಕಾಗದವನ್ನೂ ತುಣುಕುಗಳನ್ನೂ ಒಟ್ಟಿಗೇ ಬಳಿದುಕೊಂಡು ಹೋದ,
ವಿರಾಜಪೇಟೆ, ಇರಿಟ್ಟಿ, ಎಲ್ಲ.

'ಬಿಡಿ, ಬಾಯಿಪಾಠ,' ಎಂದಳು ಜೆಸಿಂತಾ.
ಬೆನ್ನು ನೆಟ್ಟಗೆ ಮಾಡಿ, ಮೈಕಿನ ದನಿಯಲ್ಲಿ
ಘಾಟಿಯಿಳಿಸಿದಳು ನಮ್ಮನ್ನು, ಹೊಳೆ ದಾಟಿಸಿದಳು.
ತಲಚೇರಿ ಬಂತು. ತಡೆದಳು.
ಇಪ್ಪತ್ತು ವರ್ಷ ಕಿಟಕಿಯ ಒಳಗೆ ಕೂತವಳು
ನಮ್ಮ ಮೂವರ ಮುಖ ನೋಡಿ ಹೇಳಿದಳು:
'ಅಲ್ಲಿಂದ ಮುಂದಕ್ಕೆ
ಯಾರನ್ನಾದರೂ ಕೇಳೋಣ.'