ಕಾರಣ: ನೀರು

ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ತಂದಿದ್ದರು ಅಕ್ಕೋರು.
ಕೆಂಪು ಕುಚ್ಚಲಕ್ಕಿ. ಲ್ಯಾಪ್‌ಟಾಪ್ ಅಲುಗಿಸಿದರೆ
ಫ್ಯಾನಿನೊಳಗಿಂದ ಗಿಲಕಿಯ ಸದ್ದು.
ಯಾರು ಹೇಳಿಕೊಟ್ಟರೋ ಊರಿಗೆಲ್ಲ ಈ ಮದ್ದು,
ಕೋಡಿಬಾಗದಿಂದ ಸದಾಶಿವಗಡದವರೆಗೆ
ಒದ್ದೆಯಾದ ಯಂತ್ರವೆಲ್ಲ ಮೊದಲು ಅಕ್ಕಿ ಉಂಡು
ಆಮೇಲೆ ನನ್ನ ಅಂಗಡಿಗೆ.

"ನೀರು," ಅಂದರು. "ಮಗು ಚೆಲ್ಲಿತು."
ತುಕ್ಕು ಹಿಡಿಯಲು ಗಾಳಿ ಬೇಕು, ನೀರು ಬೇಕು ಎಂದು
ಎಂಟನೆಯಲ್ಲಿ ನನಗೆ ಬರೆಸಿದ ಅದೇ ದನಿ.
ರಸೀತಿಯಲ್ಲಿ ಹೆಸರು ಬರೆದೆ: ಊರ್ಮಿಳಾ ಬಾಂದೇಕರ.
ಕಾರಣ ಎಂಬಲ್ಲಿ ಖಾಲಿ ಬಿಟ್ಟೆ.

ಹನ್ನೊಂದು ತಿರುಪು, ಎರಡು ರಬ್ಬರಿನಡಿ ಅಡಗಿರುತ್ತವೆ.
ಮೊದಲು ಬ್ಯಾಟರಿಯ ಕೊಂಡಿ, ಅದು ಕಳಚುವ ತನಕ
ಉಸಿರು ಬಿಡುವ ಹಾಗಿಲ್ಲ.
ಮುಚ್ಚಳ ಎತ್ತಿದ್ದೇ
ಎದ್ದು ಬಂತು ವಾಸನೆ:
ಏಪ್ರಿಲ್ ತಿಂಗಳಲ್ಲಿ ಮಾಜಾಳಿಯ ಆಚೆಯಿಂದ
ಸ್ಕೂಟರಿನ ಸೀಟಿನಡಿ ಕೂತು ಬರುವ ಉರಾಕಿನದು.
ಗೇರುಹಣ್ಣಿನ ಒಗರು, ಲಿಂಬೆ, ಒಂದಿಷ್ಟು ಸೋಡಾ.
ನೀರಿಗೆ ಇಷ್ಟೊಂದು ನೆನಪಿರುವುದಿಲ್ಲ.

ಅಕ್ಕೋರಿಗೆ ಮಗುವಿಲ್ಲ. ಇಡೀ ಕಾಜುಬಾಗಕ್ಕೆ ಗೊತ್ತು.
ನನಗೆ ಗೊತ್ತೆಂದು ಅವರಿಗೂ.

ಕರೆಂಟು ಬರುವ ದಾರಿಯುದ್ದಕ್ಕೂ ಕಿಲುಬು,
ದೇವರ ತಂಬಿಗೆಯ ಕಂಠದಲ್ಲಿ ಕೂರುವಂಥದೇ ಹಸಿರು.

ನಮ್ಮಪ್ಪನ ದೋಣಿಯ ಇಂಜಿನ್ನು ಒಮ್ಮೆ
ಕಾಳಿಯ ಅಳಿವೆಯಲ್ಲಿ ಮುಳುಗಿತ್ತು.
ಎತ್ತಿ ತಂದವರೆಲ್ಲ ಬಿಸಿಲಿಗಿಡು ಅಂದರು.
ಅಪ್ಪ ಬಾವಿಯಿಂದ ಕೊಡಪಾನಗಟ್ಟಲೆ ಸಿಹಿನೀರು ಸೇದಿ
ಅದರ ತಲೆಯ ಮೇಲೇ ಹೊಯ್ದ.
ಹುಚ್ಚು ಹಿಡಿಯಿತು ಇವನಿಗೆ ಅಂದುಕೊಂಡೆ ನಾನು.
"ಒಣಗಿದ್ರೆ ಉಪ್ಪು ಒಳಗೇ ಮನೆ ಕಟ್ತದೆ.
ನೆನೆದದ್ದನ್ನ ಇನ್ನೊಮ್ಮೆ ನೆನೆಸ್ಬೇಕು, ಸಮಾ."
ಆರು ವರ್ಷ ಓಡಿತು ಆ ಇಂಜಿನ್ನು.
ಅಪ್ಪ ಅಷ್ಟು ಓಡಲಿಲ್ಲ.

ತೊಳೆದೆ. ಹಲ್ಲುಜ್ಜುವ ಬ್ರಶ್ಶು,
ಹುಬ್ಬಳ್ಳಿಯಿಂದ ತರಿಸಿದ, ನೂರಕ್ಕೆ ತೊಂಬತ್ತೊಂಬತ್ತರ ಸ್ಪಿರಿಟ್ಟು.
ಮದ್ಯದ ಕಲೆ ಬಿಡಿಸಲೂ ಮದ್ಯಸಾರವೇ ಬೇಕು;
ಇದನ್ನು ಯಾರಿಗಾದರೂ ಹೇಳಿ ನಗಬೇಕೆನಿಸಿತು,
ಅಂಗಡಿಯಲ್ಲಿ ಯಾರೂ ಇರಲಿಲ್ಲ.
ಮೀಟರಿನ ಮುಳ್ಳು ತಾಗಿಸಿದಲ್ಲೆಲ್ಲ ಕೀಂ ಎನ್ನುತ್ತದೆ.
ಸಾಸಿವೆಗಿಂತ ಸಣ್ಣದೊಂದು ಎಲ್ಲೋ ಸತ್ತು
ಇಡೀ ಹಾದಿಗೆ ಅಡ್ಡ ಮಲಗಿದೆ.
ಅದನ್ನು ಹುಡುಕುವಷ್ಟರಲ್ಲಿ ಸಂಜೆ,
ಬೈತಖೋಲದ ಕಡೆ ಬೋಟುಗಳು ಹೊರಟ ಸದ್ದು.
ಬಿಸಿಗಾಳಿ ಹಿಡಿದೆ, ಚಿಮುಟದಲ್ಲಿ ಎತ್ತಿದೆ.
ಮೀಟರು ಸುಮ್ಮನಾಯಿತು.

ನಾಲ್ಕನೆಯ ದಿನ ಪರದೆ ಬೆಳಗಿತು. ಎಡಮೂಲೆಯಲ್ಲಿ
ಉಬ್ಬರ ಇಳಿದ ಮರಳಿನಂಥದೊಂದು ಕಲೆ, ಅದು ಹೋಗದು.
ಹತ್ತನೆಯ ತರಗತಿ 'ಬ' ವಿಭಾಗದ ಅಂಕಪಟ್ಟಿ:
ನಲವತ್ತೊಂದು ಮಕ್ಕಳೂ ಅಲ್ಲೇ ಇದ್ದರು, ಸಾಲಾಗಿ.

ಒಂದು ಕೀಲಿ ಮಾತ್ರ ಏಳಲಿಲ್ಲ. ಎಲ್.
ಲ ಬಾರದು, ಳ ಬಾರದು.
ಅಕ್ಕೋರು ಸ್ಟೂಲಿನ ಮೇಲೆ ಕೂತು ತಮ್ಮ ಹೆಸರು ಒತ್ತಿ ನೋಡಿದರು.
ಊರ್ಮಿ
ಎಂದಷ್ಟು ಮೂಡಿ ನಿಂತಿತು.
ಬಹಳ ಹೊತ್ತು ನೋಡಿದರು ಅದನ್ನು.
"ಹಾಗೆ ಕರೀತಿದ್ದ ಒಬ್ಬ," ಅಂದರು. ಮುಂದೆ ಏನೂ ಅನ್ನಲಿಲ್ಲ.

ಹೊಸ ಕೀಲಿಮಣೆಗೆ ಸಾವಿರದೆಂಟುನೂರು, ವಾರ ಹಿಡಿಯುತ್ತದೆ, ಅಂದೆ.
ಅಲ್ಲಿಯವರೆಗೆ ಇದರಲ್ಲಿ 'ಸೋಲು' ಬರೆಯಲಾಗದು,
'ಇಲ್ಲ' ಬರೆಯಲಾಗದು. 'ಶಾಲೆ'ಯೂ ಅಷ್ಟೇ.
"ಅಂಕೆ ಬರ್ತದಲ್ಲ. ಸಾಕು, ಇರಲಿ."

ರಸೀತಿ ಪುಸ್ತಕ ತೆರೆದೆ. ಅವರು ರಸ್ತೆಯತ್ತ ತಿರುಗಿ
ಹೊನ್ನಾವರದ ಬಸ್ಸನ್ನು ಓದುವವರಂತೆ ನಿಂತಿದ್ದರು.
ಖಾಲಿ ಜಾಗದಲ್ಲಿ ಬರೆದೆ: ನೀರು.
ಹರಿದು ಕೊಟ್ಟೆ. ಅವರು ಓದಿ, ನಾಲ್ಕಾಗಿ ಮಡಚಿ,
ಪರ್ಸಿನ ಒಳಗಿನ ಜಿಪ್ಪಿನಲ್ಲಿಟ್ಟರು.

ಮೇಜಿನ ಮೇಲೆ ಉಳಿದದ್ದು ಏಳು ಕುಚ್ಚಲಕ್ಕಿ ಕಾಳು.
ಬಾಗಿಲಾಚೆ ಎಸೆದೆ.
ನೆರೆಮನೆಯ ಕೋಳಿ ಬಂದು ಒಂದನ್ನು ಕುಕ್ಕಿತು,
ತಲೆ ಓರೆ ಮಾಡಿ ನನ್ನನ್ನು ನೋಡಿತು,
ಮತ್ತೆ ಕುಕ್ಕಿತು.