ಬೆಲೆ ಪೆನ್ಸಿಲ್ಲಿನಲ್ಲಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದು ಬಂದರೆ
ಕೊಡೆ ರಿಪೇರಿಯವನ ಪಕ್ಕ, ಹತ್ತಡಿ ಅಗಲದ ಅಂಗಡಿ.
ರೈಲೇ ಇಲ್ಲದ ಜಿಲ್ಲೆಯಲ್ಲಿ ರೈಲು ಮಾರುತ್ತೇನೆ.
ನಗುವವರು ನಕ್ಕು ಮುಗಿಸಲಿ, ಬಾಗಿಲು ತೆರೆದೇ ಇದೆ.

ಅಂಗೈಯಗಲದ ಇಂಜಿನ್ನು, ಬೆರಳುದ್ದದ ಡಬ್ಬಿ,
ಅಕ್ಕಿಕಾಳಿನಷ್ಟು ಸ್ಟೇಷನ್ ಮಾಸ್ತರ, ಅವನ ಕೈಯಲ್ಲಿ ಹಸಿರು ಬಾವುಟ.
ಬಾವುಟ ಕಾಣಲು ಭೂತಗನ್ನಡಿ ಕೊಡುತ್ತೇನೆ,
ಅದು ಪುಕ್ಕಟೆ.

ಸರಕು ಮೊದಲು ಬರುವುದಿಲ್ಲ. ಮೊದಲು ಬರುವುದು ಚಿತ್ರ.
ಮಾಡುವವರು ಕೊಯಮತ್ತೂರಿನ ಯಾವುದೋ ಶೆಡ್ಡಿನಲ್ಲಿದ್ದಾರೆ.
ಇನ್ನೂರು ಜನ ಬೇಕೆಂದರೆ ಅಚ್ಚು ಹೊಯ್ಯುತ್ತಾರೆ,
ನೂರ ತೊಂಬತ್ತಾದರೆ ಫೋನಿನಲ್ಲಿ ಕೆಮ್ಮುತ್ತಾರೆ.

ಅದಕ್ಕೇ ಈ ಕೆಂಪು ರಟ್ಟಿನ ಪುಸ್ತಕ.
ಹೆಸರು ಪೆನ್ನಿನಲ್ಲಿ. ಮುಂಗಡ ಪೆನ್ನಿನಲ್ಲಿ.
ಬೆಲೆ ಮಾತ್ರ ಪೆನ್ಸಿಲ್ಲಿನಲ್ಲಿ.
ಡಾಲರು ಏರಿದರೆ ಅಳಿಸು, ಮೋಟಾರಿಗೆ ಸುಂಕ ಬಿದ್ದರೆ ಅಳಿಸು,
ಇಳಿದರೂ ಅಳಿಸು, ಇಳಿದದ್ದು ಗಿರಾಕಿಯದೇ.
ಅಳಿಸಿ ಅಳಿಸಿ ಕೆಲವು ಕಡೆ ಕಾಗದ ತೆಳುವಾಗಿ
ಹಿಂದಿನ ಪುಟದವರ ಹೆಸರು ಇಣುಕುತ್ತದೆ.

ಮೈಸೂರಿನಿಂದ ಬಂದವರು ತಕರಾರು ತೆಗೆಯುತ್ತಾರೆ:
ಬೆಲೆ ಗೊತ್ತಿಲ್ಲದೆ ದುಡ್ಡು ಕೊಡುವುದೆ?
ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ.
ಬಳ್ಳಿಯಲ್ಲಿರುವಾಗಲೇ ಮೆಣಸು ಮಾರಿ ಗೊತ್ತು,
ಕಾಫಿ ಗೋದಾಮಿಗಿಟ್ಟು, ಚೀಟಿ ಮಡಚಿಟ್ಟು,
ದರ ಕಟ್ಟುವ ದಿನಕ್ಕಾಗಿ ಮಳೆಗಾಲ ಕಳೆದು ಗೊತ್ತು.
ಬಿಟ್ಟಂಗಾಲದ ಚೋಂದಮ್ಮ ನೋಟು ಎಣಿಸುತ್ತ ಅಂದರು:
‘ಈ ಸಲ ನಾನು ವ್ಯಾಪಾರಿ, ನೀನು ತೋಟ. ಚೆನ್ನಾಗಿ ಕಾಯಿ ಬಿಡು.’

ಮೊಯ್ದೀನ್‌ಕುಟ್ಟಿ ತಲಶ್ಶೇರಿ ಬಸ್ಸಿನ ಡ್ರೈವರು.
ಮಾಕುಟ್ಟದ ತಿರುವುಗಳನ್ನಿಳಿದು, ಇರಿಟ್ಟಿ ದಾಟಿ,
ರೈಲ್ವೆ ಗೇಟು ಮುಟ್ಟುವಷ್ಟರಲ್ಲಿ
ಇಂಜಿನ್ನು ಹೋಗಿಯಾಗಿರುತ್ತದಂತೆ, ದಿನವೂ.
ಅವನ ಪಾಲಿಗೆ ಸಿಗುವುದು ಬಾಲ.
‘ಇಂಜಿನ್ ಬೇಡ ಪೊನ್ನವ್ವಾ. ಗಾರ್ಡಿನ ಡಬ್ಬಿ ಒಂದು ಸಾಕು.’
ಮುಂಗಡ ಇನ್ನೂರು. ಅವತ್ತೇ ನನ್ನ ಪೆನ್ಸಿಲ್ಲಿನ ಮೊನೆ ಮುರಿದಿತ್ತು.
ಹೊರಗೆ ಕಂಡಕ್ಟರು ಬಸ್ಸಿನ ಮೈ ಬಡಿಯುತ್ತಿದ್ದ.
ಇವನೇ ಜೇಬಿನ ಪೆನ್ನು ತೆಗೆದು ಬರೆದ:
ಸಾವಿರದ ಎಂಟುನೂರ ಐವತ್ತು.
ಗುಂಡಗಿನ ಅಂಕಿ, ಟ್ರಿಪ್ ಶೀಟಿನ ಅಂಕಿ.

ಹತ್ತೊಂಬತ್ತು ತಿಂಗಳು.
ಒಮ್ಮೆ ಘಾಟಿ ಕುಸಿಯಿತು, ಒಮ್ಮೆ ಶೆಡ್ಡಿನವರ ಬಣ್ಣ ತಪ್ಪಿತು,
ಒಮ್ಮೆ ಕಾರಣವನ್ನೇ ಹೇಳಲಿಲ್ಲ.
ಕೊನೆಗೆ ಪೆಟ್ಟಿಗೆ ಬಂತು, ಜೊತೆಗೆ ಬಿಲ್ಲು:
ತಲಾ ಎರಡು ಸಾವಿರದ ಆರುನೂರು.
ಆರು ಜನರ ಸಾಲು ಅಳಿಸಿ ತಿದ್ದಿದೆ. ಗೊಣಗಿ ಕೊಟ್ಟರು.
ಏಳನೆಯದಕ್ಕೂ ರಬ್ಬರು ಒತ್ತಿದೆ. ಇನ್ನೂ ಒತ್ತಿದೆ.
ಮಸಿ ಹರಡಿತು, ಅಂಕಿ ಕದಲಲಿಲ್ಲ.

ನಾನೇ ಮಾಡಿದ ಕಾನೂನು, ನನ್ನನ್ನೇ ನೋಡುತ್ತಿತ್ತು.
ಬರೆದಷ್ಟೇ ತಗೊಂಡೆ, ಮುಂಗಡ ಕಳೆದು.
ಉಳಿದ ಏಳುನೂರ ಐವತ್ತನ್ನು ರಾತ್ರಿ
ಖರ್ಚಿನ ಪುಟದಲ್ಲಿ ಹಾಕಿಕೊಂಡೆ: ‘ಪೆನ್ಸಿಲ್ ಮೊನೆ’.

ಅವನೇನೂ ಕೇಳಲಿಲ್ಲ. ಡಬ್ಬಿಯನ್ನು ಕಿವಿಯ ಬಳಿ ಹಿಡಿದು
ಚಕ್ರ ಊದಿ ತಿರುಗಿಸಿ ನೋಡಿ ಹೋದ.
ಆದರೆ ಪೆಟ್ಟಿಗೆಯ ಮೇಲೆ ಚೀಟಿ ಇತ್ತು,
ನಾನು ಕೀಳಲು ಮರೆತಿದ್ದೆ.

ಮುಂದಿನ ವಾರ ಮತ್ತೆ ಬಂದ, ಹೊಸ ಚಿತ್ರಕ್ಕೆ ಬೆರಳಿಟ್ಟ.
ಗಾರ್ಡಿನ ಡಬ್ಬಿಗಿಂತ ಒಂದು ಮುಂದಿನದು.
ಹೀಗೆ ಬಾಲದಿಂದ ಕಟ್ಟುತ್ತ ಹೋದರೆ
ಇಂಜಿನ್ ತಲುಪುವುದು ಯಾವ ಕಾಲಕ್ಕೋ!
ಮುಂಗಡ ಎಣಿಸಿ ಇಟ್ಟ.
ಆಮೇಲೆ ಖಾಕಿ ಜೇಬಿನಿಂದ ತೆಗೆದ,
ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲು:
‘ಬೆಲೆ ನೀವೇ ಬರೀರಿ.’

ಹೊರಗೆ ಬಸ್ಸು ಕೂಗುತ್ತಿತ್ತು.
ಕೂಗಲಿ.